ಸರಪಳಿ ನಾಯಿ ಕಾವಲು ಕಾಯಲ್ಲ, ಕಡಿಯೋದು ಕಲಿಯುತ್ತೆ

ಈ ಸಲ ಭತ್ತ ಇಲ್ಲ, ಅಡಿಕೆ ಇಲ್ಲ, ನಾಯಿಮರಿ ವಿಷಯ. ಹೊಲದ ಪೇಜಿನಲ್ಲಿ ನಾಯಿ ಯಾಕೆ ಅಂತ ಕೇಳಬೇಡಿ. ಪಂಪ್‌ಹೌಸ್ ಇದ್ದ ಕಡೆ ಒಂದು ನಾಯಿ ಇದ್ದೇ ಇರುತ್ತೆ. ಅದನ್ನ ನಾವು ಸಾಕೋ ರೀತಿಯೇ ತಪ್ಪು ಅಂತ ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯ್ತು. ಗೊತ್ತಾಗೋಕೆ ಒಂದು ಹುಡುಗ ಕಡಿಸಿಕೊಳ್ಳಬೇಕಾಯ್ತು.

2025ರ ಆಗಸ್ಟ್. ಹರಿಹರದ ಹತ್ರ ನಮ್ಮ ಗದ್ದೇಲಿ ನಾಟಿ ನಡೀತಿತ್ತು. ನಾಟಿಗೆ ಬಂದ ಒಬ್ಬ ಹೆಣ್ಮಗಳು ಏಳು ವರ್ಷದ ಮಗನ್ನ ಕರ್ಕೊಂಡು ಬಂದಿದ್ಲು. ಹುಡುಗ ಪೇರಲ ಹಣ್ಣಿಗೆ ಅಂತ ಪಂಪ್‌ಹೌಸ್ ಹಿಂದೆ ಹೋದ. ಅಲ್ಲಿ ನಮ್ಮ ಹಳೇ ನಾಯಿ ರಾಜನ್ನ ಕಟ್ಟಿದ್ವಿ. ಆರು ವರ್ಷದಿಂದ ಅದೇ ಗೂಟ, ಅದೇ ಸರಪಳಿ. ಸರಪಳಿ ಎಷ್ಟು ಉದ್ದ ಅಂತ ನಮಗೆ ಗೊತ್ತಿತ್ತು, ಹುಡುಗನಿಗೆ ಗೊತ್ತಿರಲಿಲ್ಲ. ಮೀನಖಂಡಕ್ಕೆ ಬಾಯಿ ಹಾಕಿತು.

ಯಾರೋ ಅರಿಶಿನ ತನ್ನಿ ಅಂದ್ರು, ಯಾರೋ ಸುಣ್ಣ ಅಂದ್ರು. ಪುಣ್ಯಕ್ಕೆ ಮೋಟರ್ ಓಡ್ತಿತ್ತು. ಹರಿಯೋ ನೀರಿನ ಕೆಳಗೆ ಕಾಲು ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಸೀದಾ ಆಸ್ಪತ್ರೆಗೆ ಓಡಿದ್ವಿ. ರಕ್ತ ಬಂದ ಗಾಯ ಆಗಿದ್ದಕ್ಕೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೊಟ್ರು. ಆಮೇಲೆ ಲಸಿಕೆ: ಕಡಿದ ದಿನ, 3ನೇ ದಿನ, 7ನೇ ದಿನ, 28ನೇ ದಿನ. ನಾಲ್ಕೂ ಸಲ ನಾನೇ ಬೈಕಲ್ಲಿ ಕರ್ಕೊಂಡು ಹೋದೆ. ಅದೇ ತಿಂಗಳು, ಏಪ್ರಿಲ್‌ನಲ್ಲಿ ನಾಯಿ ಕಡಿದಿದ್ದ ದಾವಣಗೆರೆಯ ನಾಲ್ಕು ವರ್ಷದ ಹೆಣ್ಣುಮಗು ರೇಬೀಸ್‌ನಿಂದ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದಿತ್ತು. ಆ ಸುದ್ದಿ ಓದಿ ಆ ರಾತ್ರಿ ನಾನು ಹೆಂಗೆ ಮಲಗಿದೆ ಅಂತ ನನಗೇ ಗೊತ್ತು.

ರಾಜನಿಗೆ ಲಸಿಕೆ ಆಗಿತ್ತು, ಹತ್ತು ದಿನ ಕಣ್ಣಿಟ್ವಿ, ಏನೂ ಆಗಲಿಲ್ಲ. ಹುಡುಗನೂ ಚೆನ್ನಾಗಿದ್ದಾನೆ. ಆದ್ರೆ ಅವನ ತಾಯಿ ಮಾರನೇ ದಿನದಿಂದ ನಮ್ಮ ಗದ್ದೆಗೆ ಬರಲಿಲ್ಲ. ಕೇಳೋಕೆ ಹೋದಾಗ ಒಂದೇ ಮಾತು ಹೇಳಿದ್ಲು: "ನಾಯಿ ತಪ್ಪಲ್ಲ ಬಿಡಣ್ಣ, ನೀವು ಅದನ್ನ ಹಂಗೆ ಮಾಡಿಟ್ಟೀರಿ."

ನಾನು ಈ ಬರಹ ಬರೀತಿರೋದು ಆ ಮಾತಿಗೆ ಉತ್ತರ ಹುಡುಕೋಕೆ.

ನಮ್ಮ ಕಡೆ ಒಂದು ನಂಬಿಕೆ ಐತೆ. ಕಾವಲು ನಾಯಿ ಬೇಕು ಅಂದ್ರೆ ಮರಿ ಇದ್ದಾಗಲೇ ಕಟ್ಟಿ ಹಾಕು, ಯಾರಿಗೂ ತೋರಿಸಬೇಡ, ಖಾರ ತಿನ್ನಿಸು, ಸಿಟ್ಟು ಬರುತ್ತೆ ಅಂತ. ರಾಜನನ್ನ ನಾನು ಬೆಳೆಸಿದ್ದು ಹಂಗೇ. ಖಾರ ಒಂದು ಹಾಕಿರಲಿಲ್ಲ ಅಷ್ಟೇ. ಅದು ಹೊರಗಿನ ಜಗತ್ತು ನೋಡಲೇ ಇಲ್ಲ. ನೋಡದೇ ಇರೋದೆಲ್ಲ ಅದಕ್ಕೆ ಭಯ. ನಾವು ಶೌರ್ಯ ಅಂದುಕೊಂಡಿದ್ದು ಆ ಭಯಾನೇ. ಭಯ ಬಿದ್ದ ನಾಯಿಗೆ ಕಳ್ಳ ಯಾರು, ಪೇರಲ ಹಣ್ಣಿಗೆ ಬಂದ ಹುಡುಗ ಯಾರು ಅಂತ ವ್ಯತ್ಯಾಸ ಗೊತ್ತಾಗಲ್ಲ.

ಅಕ್ಟೋಬರ್‌ನಲ್ಲಿ ರಾಜ ವಯಸ್ಸಾಗಿ ಹೋಯ್ತು. ನವೆಂಬರ್‌ನಲ್ಲಿ ಒಂದು ನಾಟಿ ಮರಿ ತಂದ್ವಿ, ಗುಂಡ ಅಂತ ಹೆಸರು. ಕೊಡೋರು ತಿಂಗಳ ಮರೀನೇ ಒಯ್ಯಿರಿ ಅಂದಿದ್ರು. ನಾನು ಎಂಟು ವಾರ ತುಂಬೋವರೆಗೂ ಕಾದೆ. ಮರಿ ಮಾರೋರಿಗೆ 2017ರ ನಿಯಮದಲ್ಲೇ ಎಂಟು ವಾರದೊಳಗಿನ ಮರಿ ಮಾರಬಾರದು ಅಂತ ಐತೆ. ಕಾರಣ ಇಷ್ಟೇ: ಎಷ್ಟು ಜೋರಾಗಿ ಕಚ್ಚಿದ್ರೆ ನೋವಾಗುತ್ತೆ ಅಂತ ಮರಿ ಕಲಿಯೋದು ತಾಯಿ ಹತ್ರ, ಒಡಹುಟ್ಟಿದ ಮರಿಗಳ ಹತ್ರ. ಬೇಗ ಬಿಡಿಸಿದ್ರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತೆ.

ಪಶುವೈದ್ಯರು ಇನ್ನೊಂದು ಮಾತು ಹೇಳಿದ್ರು. ಮರಿ ಹುಟ್ಟಿ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದ ತನಕ ಅದರ ಮನಸ್ಸು ಬಾಗಿಲು ತೆಗೆದ ಮನೆ ಇದ್ದಂಗೆ. ಆ ಟೈಮಲ್ಲಿ ಕಂಡಿದ್ದು, ಕೇಳಿದ್ದು ಎಲ್ಲಾ ಮಾಮೂಲಿ ಅಂತ ಒಳಗೆ ಬಿಟ್ಟುಕೊಳ್ಳುತ್ತೆ. ಆಮೇಲೆ ಕಂಡಿದ್ದಕ್ಕೆ ಅನುಮಾನ ಶುರು. ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾ? ಸಸಿ ಬಲಿತ ಮೇಲೆ ನಾಟಿ ಮಾಡಿ ತೆಂಡೆ ಒಡೀಲಿಲ್ಲ ಅಂತ ಗೊಬ್ಬರ ಸುರಿದ್ರೆ ಏನು ಬಂತು?

ಒಂದು ತೊಡಕು ಐತೆ. ಇದೇ ವಯಸ್ಸಲ್ಲಿ ಪಾರ್ವೋ ಕಾಟ. ಆ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಹಾಕ್ಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೂ ಮತ್ತೆ ಹಾಕ್ಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂಗೆ ಬೂಸ್ಟರ್. ಅಷ್ಟರವರೆಗೆ ಬೀದಿ ನಾಯಿ ಓಡಾಡೋ ನೆಲಕ್ಕೆ ಬಿಡಂಗಿಲ್ಲ. ಹಂಗಂತ ಮನೇಲೇ ಮುಚ್ಚಿಟ್ರೆ ಬಾಗಿಲು ಮುಚ್ಚಿಹೋಗುತ್ತೆ. ನಾನು ಮಾಡಿದ್ದು ಇಷ್ಟು: ತರಕಾರಿ ಬುಟ್ಟಿಗೆ ಗೋಣಿ ಹಾಸಿ, ಅದರಲ್ಲಿ ಗುಂಡನ್ನ ಕೂರಿಸಿ, ಮೊಮ್ಮಗನ ತೊಡೆ ಮೇಲೆ ಇಡಿಸಿ ಬೈಕಲ್ಲಿ ತಿರುಗಿಸಿದೆ. ನೆಲಕ್ಕೆ ಇಳಿಸಲಿಲ್ಲ. ಹರಿಹರ ರೈಲ್ವೆ ಸ್ಟೇಷನ್ ಮುಂದೆ ಹತ್ತು ನಿಮಿಷ. ತುಂಗಭದ್ರೆ ಸೇತುವೆ ಹತ್ರ ಲಾರಿ ಸದ್ದು. ಮಗನ ಮನೆ ದಾವಣಗೆರೆಲಿ ಇರೋದ್ರಿಂದ ವಾರಕ್ಕೊಮ್ಮೆ ಅಲ್ಲಿಗೆ. ಬೆಣ್ಣೆ ದೋಸೆ ಅಂಗಡಿ ಮುಂದೆ ನಿಂತ್ರೆ ಹತ್ತು ಜನ ಮುಟ್ಟಿ ಮಾತಾಡಿಸ್ತಾರೆ. ಹೆಲ್ಮೆಟ್ ಹಾಕಿದೋರು, ಬುರ್ಖಾ ಹಾಕಿದೋರು, ಕೋಲು ಹಿಡಿದ ಅಜ್ಜ, ಅಳೋ ಮಗು, ಎಲ್ಲಾ ನೋಡಿತು. ಜನ ನಕ್ಕರು, ನಗಲಿ.

ಮನೇಲಿ ಕಲಿಸಿದ್ದು ನಾಲ್ಕೇ ಪಾಠ.

ಒಂದು, ಉಚ್ಚೆ. ನಿದ್ದೆಯಿಂದ ಎದ್ದ ಕೂಡ್ಲೇ, ಉಂಡ ಕೂಡ್ಲೇ, ಆಟ ಮುಗಿದ ಕೂಡ್ಲೇ ಹಿತ್ತಲಿನ ಒಂದೇ ಜಾಗಕ್ಕೆ ಒಯ್ಯೋದು. ಅಲ್ಲಿ ಮಾಡಿದ್ರೆ ಶಭಾಷ್ ಅನ್ನೋದು. ಒಳಗೆ ಮಾಡಿದ್ರೆ ನಾವು ಲೇಟು ಅಂತ ಅರ್ಥ. ಮೂತಿ ತಿಕ್ಕಿದ್ರೆ ಅದು ಕಲಿಯೋದು ನಮ್ಮ ಕಣ್ಣು ತಪ್ಪಿಸಿ ಮಾಡೋದನ್ನ ಮಾತ್ರ.

ಎರಡು, ಹಲ್ಲು. ಕೈ ಕಚ್ಚಿದ್ರೆ ಹೊಡೆತ ಇಲ್ಲ, ಆಟ ಬಂದ್. ಎದ್ದು ಹೋಗಿಬಿಡೋದು. ಕಚ್ಚಿದ್ರೆ ಆಟ ನಿಲ್ಲುತ್ತೆ ಅಂತ ಎರಡು ವಾರದಲ್ಲಿ ಗೊತ್ತಾಯ್ತು.

ಮೂರು, ಬಾ. ಕರೆದಾಗ ಬಂದ್ರೆ ಬೇಯಿಸಿದ ಮೊಟ್ಟೆ ಚೂರು. ಬೈಯೋಕೆ ಅಂತ ಯಾವತ್ತೂ ಕರೀಬಾರದು. ಕರೆದು ಹೊಡೆದ್ರೆ ನಾಳೆ ಯಾಕೆ ಬರುತ್ತೆ?

ನಾಲ್ಕು, ಬಿಡು. ರೈತರ ಮನೆಗೆ ಇದೇ ದೊಡ್ಡದು. ಗದ್ದೆ ಬದುವಲ್ಲಿ ಇಲಿಗೆ ಜಿಂಕ್ ಫಾಸ್ಫೈಡ್ ಇಡ್ತೀವಿ, ಒಂದು ಬಾಯಿ ಸಾಕು ಮರಿ ಪ್ರಾಣ ಹೋಗೋಕೆ. ಈರುಳ್ಳಿ, ಬೆಳ್ಳುಳ್ಳಿ ಕೂಡ ನಾಯಿಗೆ ಆಗಲ್ಲ. ಬಾಯಲ್ಲಿ ಇರೋದನ್ನ ಕಿತ್ತುಕೊಳ್ಳದೆ, ಅದಕ್ಕಿಂತ ರುಚಿಯಾದ್ದು ತೋರಿಸಿ ಬಿಡಿಸೋದು. ಕಲಿತೈತೆ ಅಂತ ಮದ್ದು ಎಲ್ಲೆಂದ್ರಲ್ಲಿ ಇಡಬಾರದು, ಅದು ನಮ್ಮ ಪಾಠ.

ಕಷ್ಟ ಆಗಿದ್ದು ಮರಿಗಲ್ಲ, ನಮಗೆ. ನಾನು ಬಿಡು ಅಂದ್ರೆ ಹೆಂಡತಿ ಹಾಕು ಅಂತಾಳೆ, ಮೊಮ್ಮಗ ತಟ್ಟೆಯಿಂದ ರೊಟ್ಟಿ ಎಸೀತಾನೆ. ಮನೆಯೋರೆಲ್ಲ ಒಂದೇ ಮಾತು ಆಡೋಕೆ ಒಂದು ತಿಂಗಳು ಹಿಡೀತು.

ಈಗ ಎಲ್ಲರೂ ಕೇಳೋ ಪ್ರಶ್ನೆ: ಎಲ್ಲರ ಹತ್ರ ಹೋಗೋ ನಾಯಿ ಕಾವಲು ಕಾಯುತ್ತಾ? ನ್ಯಾಯವಾದ ಪ್ರಶ್ನೆ. ಮೋಟರ್ ಕೇಬಲ್ ಕಳ್ಳತನ ನಮ್ಮ ಕಡೆ ಸುಳ್ಳಲ್ಲ. ಇದಕ್ಕೆ ಉತ್ತರ ನಮ್ಮ ಜಿಲ್ಲೇಲೇ ಐತೆ. 2024ರ ಜುಲೈನಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ-2, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಕಡೆ ಒಂದು ಕೊಲೆ ಜಾಗದಿಂದ ವಾಸನೆ ಹಿಡಿದು ಮಳೇಲಿ ಎಂಟು ಕಿಲೋಮೀಟರ್ ಓಡಿ ಆರೋಪಿ ಇದ್ದ ಮನೆ ಮುಂದೆ ನಿಂತಿತು. ಒಳಗೆ ಒಬ್ಬ ಹೆಂಗಸಿನ ಜೀವವೂ ಉಳೀತು. ನಾವೆಲ್ಲ ಆ ಸುದ್ದಿ ಫಾರ್ವರ್ಡ್ ಮಾಡಿದ್ವಿ. ಆ ನಾಯೀನ ಯಾರೂ ಖಾರ ಹಾಕಿ, ಗೂಟಕ್ಕೆ ಕಟ್ಟಿ ಬೆಳೆಸಿರಲಿಲ್ಲ. ಜನಜಂಗುಳಿ ಮಧ್ಯೆ ತಲೆ ಕೆಡಿಸಿಕೊಳ್ಳದೆ ಒಬ್ಬರ ಮಾತು ಕೇಳೋದನ್ನ ಕಲಿಸಿದ್ರು. ನಮಗೆ ತುಂಗಾ ಬೇಡ, ಬೊಗಳಿ ಎಬ್ಬಿಸಿದ್ರೆ ಸಾಕು. ಆರು ಗಂಟೆಗೆ ಬರೋ ಹಾಲಿನವನಿಗೆ ಸುಮ್ಮನಿದ್ದು ರಾತ್ರಿ ಎರಡಕ್ಕೆ ಬಂದೋನಿಗೆ ಬೊಗಳಬೇಕು ಅಂದ್ರೆ, ಮಾಮೂಲಿ ಯಾವುದು ಅಂತ ಅದಕ್ಕೆ ಮೊದಲು ಗೊತ್ತಿರಬೇಕು. ದಿನವಿಡೀ ಎಲ್ಲದಕ್ಕೂ ಬೊಗಳೋ ಸರಪಳಿ ನಾಯಿಯ ಬೊಗಳಿಕೆಗೆ ನಾವೇ ಕಿವಿ ಕೊಡಲ್ಲ.

ಕಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ಟ್ರ್ಯಾಕ್ಟರ್ ಓಡಾಡುವಾಗ, ಔಷಧಿ ಹೊಡೆಯುವಾಗ ಕಟ್ಟಬೇಕು. ಕಟ್ಟಿ ಮರೀಬಾರದು. 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂನಲ್ಲಿ ಯಾವಾಗಲೂ ಕಟ್ಟಿ ಹಾಕಿದ ನಾಯಿಯನ್ನ ಅಡ್ಡಾಡಿಸದೆ ಬಿಡೋದೂ ಅಪರಾಧ ಅಂತ ನಾಯಿ ಹೆಸರೆತ್ತಿಯೇ ಬರೆದೈತೆ. ಆರು ವರ್ಷ ನಾನು ಮಾಡಿದ್ದು ಅದೇ.

ಬೇಸಿಗೆ ಬೆಳೆ ನಾಟಿಗೆ ಆ ಹೆಣ್ಮಗಳು ಮತ್ತೆ ಬಂದ್ಲು. ಗುಂಡ ಹತ್ರ ಹೋಗಿ ಬುತ್ತಿ ಚೀಲ ಮೂಸಿ ಪಕ್ಕದಲ್ಲಿ ಮಲಗಿತು. ಅವಳು ಏನೂ ಹೇಳಲಿಲ್ಲ, ಓಡಿಸಲೂ ಇಲ್ಲ. ಮಗನನ್ನ ಮಾತ್ರ ಮನೇಲೇ ಬಿಟ್ಟು ಬಂದಿದ್ಲು. ಅದು ಅವಳ ಹಕ್ಕು. ಆ ಹುಡುಗ ಮತ್ತೆ ಪೇರಲ ಗಿಡದ ಹತ್ರ ಬಂದ ದಿನ ನಮ್ಮ ಮನೆಯ ತರಬೇತಿ ಮುಗೀತು ಅಂತ ಲೆಕ್ಕ.

ಮರಿ ತರೋರು ಇದ್ರೆ ಸರಪಳಿ ಅಂಗಡಿಗೆ ಹೋಗೋ ಮೊದಲು ಲಸಿಕೆ ಹಾಕ್ಸಿ, ಬುಟ್ಟಿ ಹುಡುಕಿ. ನಿಮ್ಮ ಅನುಭವನೂ ಬರೀರಿ, ಬೈಯೋದಿದ್ರೆ ಬೈಯಿರಿ.