ನಾರ್ವೆಯ ಕಡಲ ಹಾದಿ: ರಮ್ಯವೂ ರುದ್ರವೂ

ನಾರ್ವೆಯ ಸರ್ಕಾರವು ೨೦೨೫ರ ಅಕ್ಟೋಬರಿನಲ್ಲಿ ಒಂದು ಸುರಂಗದ ಯೋಜನೆಯನ್ನು ನಿಲ್ಲಿಸಬೇಕೆಂದು ಸೂಚಿಸಿತು. ವೆಚ್ಚದ ಅಂದಾಜು ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತೆಂಬುದು ಅದು ಕೊಟ್ಟ ಕಾರಣ. ಸುರಂಗವೊಂದು ನಿಂತುಹೋಗುವುದು ದೂರದ ಓದುಗರಿಗೆ ಸುದ್ದಿಯೇ ಅಲ್ಲ. ಆದರೆ ಇದು ರೈಲಿನ ಸುರಂಗವಲ್ಲ, ಮೋಟಾರಿನ ಸುರಂಗವೂ ಅಲ್ಲ, ಹಡಗುಗಳ ಸುರಂಗ. ಹಡಗುಗಳಿಗೆ ಸುರಂಗವೇ ಎಂದು ವಾಚಕರು ಹುಬ್ಬೇರಿಸಿಯಾರು. ಕಡಲು ಎದುರಿಗೇ ಹರಡಿಕೊಂಡಿರುವಾಗ ಬೆಟ್ಟವನ್ನು ಕೊರೆದು ಅದರ ಹೊಟ್ಟೆಯೊಳಗೆ ಹಡಗನ್ನು ನುಗ್ಗಿಸುವ ಹಂಬಲ ಯಾರಿಗೆ, ಏಕೆ ಬಂತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಕರಾವಳಿಯ ಸ್ವರೂಪವನ್ನು ಕೊಂಚ ತಿಳಿಯಬೇಕು.

ನಾರ್ವೆ ಎಂಬ ಹೆಸರಿಗೇ ಉತ್ತರದ ದಾರಿ ಎಂದು ಅರ್ಥ. ಆ ದಾರಿ ನೆಲದ ಮೇಲಿನದಲ್ಲ, ನೀರಿನ ಮೇಲಿನದು. ನೇರವಾಗಿ ಅಳೆದರೆ ಸುಮಾರು ೨,೫೦೦ ಕಿಲೋಮೀಟರ್ ಇರುವ ಆ ತೀರ, ಅದರ ಒಳಚಾಚುಗಳನ್ನೂ ದ್ವೀಪಗಳನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ಲಕ್ಷ ಕಿಲೋಮೀಟರನ್ನು ಮೀರುತ್ತದೆ. ಹಿಮಯುಗದ ನೀರ್ಗಲ್ಲ ನದಿಗಳು ಬೆಟ್ಟಗಳನ್ನು ಉತ್ತು ಕೊರೆದು ಹೋದ ಕಣಿವೆಗಳಲ್ಲಿ ಸಮುದ್ರ ಬಂದು ನಿಂತಿದೆ; ಅವೇ ಫ್ಯೋರ್ಡುಗಳು. ತೀರದ ಹೊರಮೈಗೆ ಸಾವಿರಾರು ದ್ವೀಪಗಳೂ ಬಂಡೆಗಳೂ ಬೇಲಿ ಕಟ್ಟಿದಂತೆ ನಿಂತಿವೆ. ಈ ಬೇಲಿಯ ಒಳಗಿನ ನೀರು ಬಹುಮಟ್ಟಿಗೆ ಶಾಂತ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಹಾಯುವುದರಿಂದ ಧ್ರುವವೃತ್ತದಾಚೆಗೂ ಅಲ್ಲಿಯ ಬಂದರುಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಬೇಲಿ ಎಲ್ಲ ಕಡೆಗೂ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅಲ್ಲಲ್ಲಿ ಅದು ಮುರಿದಿದೆ. ಸ್ಟಾಡ್, ಹುಸ್ಟಾಡ್‌ವಿಕಾ, ಫೋಲ್ಡಾ, ವೆಸ್ಟ್‌ಫ್ಯೋರ್ಡ್ ಇವು ಅಂತಹ ಬಾಯ್ದೆರೆದ ಎಡೆಗಳು. ಅಲ್ಲಿ ಹಡಗು ಬಯಲು ಕಡಲಿಗೆ ಮೈಯೊಡ್ಡಲೇಬೇಕು.

೧೮೯೩ರವರೆಗೆ ಈ ಹಾದಿಯಲ್ಲಿ ಚಳಿಗಾಲದ ರಾತ್ರಿ ಹಡಗು ನಡೆಸುವುದು ಹುಚ್ಚುತನವೆನಿಸಿತ್ತು. ದಕ್ಷಿಣದಿಂದ ಹ್ಯಾಮರ್‌ಫೆಸ್ಟಿಗೆ ಹೋಗಬೇಕಾದ ಕಾಗದ ಬೇಸಗೆಯಲ್ಲಿ ವಾರಗಳನ್ನೂ ಚಳಿಗಾಲದಲ್ಲಿ ತಿಂಗಳುಗಳನ್ನೂ ತಿನ್ನುತ್ತಿತ್ತು. ಸುಮಾರು ಎರಡು ತಿಂಗಳು ಸೂರ್ಯನೇ ಮೇಲೇಳದ ಆ ಊರಿನಲ್ಲಿ ಕಾಗದವೂ ಬಾರದಿದ್ದರೆ ಜನರ ಮನಸ್ಸು ಏನಾಗಿದ್ದೀತು! ಸರ್ಕಾರ ವರ್ಷವಿಡೀ ಅಂಚೆಹಡಗು ನಡೆಸಲು ಕರೆ ಕೊಟ್ಟಾಗ ದೊಡ್ಡ ಕಂಪನಿಗಳು ಹಿಂಜರಿದವು; ರಿಚರ್ಡ್ ವಿತ್ ಎಂಬ ಕಪ್ತಾನ ಒಪ್ಪಿಕೊಂಡ. ಅವನ ಧೈರ್ಯಕ್ಕೆ ಆಧಾರ ಆಂಡರ್ಸ್ ಹೋಲ್ಟೆ ಎಂಬ ದಾರಿಗಾರ ನಾವಿಕನ ಟಿಪ್ಪಣಿಗಳು. ಯಾವ ದಿಕ್ಕಿಗೆ, ಯಾವ ವೇಗದಲ್ಲಿ, ಎಷ್ಟು ನಿಮಿಷ ಸಾಗಿದರೆ ಯಾವ ಬಂಡೆಯನ್ನು ತಪ್ಪಿಸಿ ಎಲ್ಲಿ ಹೊರಳಬೇಕು ಎಂಬುದನ್ನು ಅವರು ಪ್ರಯಾಣ ಪ್ರಯಾಣಕ್ಕೂ ಗುರುತು ಹಾಕಿದ್ದರು. ಕಣ್ಣಿಗೆ ಕಾಣದಿದ್ದರೂ ಗಡಿಯಾರಕ್ಕೂ ದಿಕ್ಸೂಚಿಗೂ ಕಾಣುವ ದಾರಿ ಅದು. ೧೮೯೩ರ ಜುಲೈ ೨ರಂದು ‘ವೆಸ್ಟೆರೋಲೆನ್’ ಎಂಬ ಉಗಿಹಡಗು ಟ್ರೋಂಡ್‌ಹೈಮ್‌ನಿಂದ ಹೊರಟಿತು. ಅಂದು ಆರಂಭವಾದ ‘ಹುರ್ಟಿಗ್ರುಟೆನ್’, ಎಂದರೆ ತ್ವರಿತಮಾರ್ಗ, ಈಗಲೂ ಬೆರ್ಗೆನ್‌ನಿಂದ ರಷ್ಯದ ಗಡಿಯ ಕಿರ್ಕೆನೆಸ್‌ವರೆಗೆ ಮೂವತ್ತನಾಲ್ಕು ಬಂದರುಗಳನ್ನು ಮುಟ್ಟುತ್ತ ಸಾಗುತ್ತದೆ. ೨೦೨೧ರಿಂದ ಎರಡು ಕಂಪನಿಗಳು ಈ ಮಾರ್ಗವನ್ನು ಹಂಚಿಕೊಂಡಿವೆ. ಆದರೆ ಅಂಚೆ ಹೊರಲು ಹುಟ್ಟಿದ ಹಡಗು ಈಗ ಬಹುಪಾಲು ನೋಟಕರನ್ನು ಹೊರುತ್ತದೆ. ೨೦೧೧ರ ಜೂನ್ ತಿಂಗಳಲ್ಲಿ ನಾರ್ವೆಯ ದೂರದರ್ಶನ ಈ ಪ್ರಯಾಣವನ್ನು ೧೩೪ ಗಂಟೆಗಳ ಕಾಲ ಎಡೆಬಿಡದೆ ನೇರವಾಗಿ ಬಿತ್ತರಿಸಿತು. ದೇಶದ ಅರ್ಧಕ್ಕೂ ಹೆಚ್ಚು ಜನ ಒಂದಲ್ಲ ಒಂದು ಹೊತ್ತಿನಲ್ಲಿ ಅದನ್ನು ನೋಡಿದರಂತೆ. ತಮ್ಮದೇ ತೀರವನ್ನು ತಾವೇ ಕುಳಿತು ನೋಡುವ ಜನ!

ಇಲ್ಲಿ ಒಂದು ವಿಚಾರ ಬರುತ್ತದೆ. ರಸಪ್ರಕರಣವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಭಯ ಎಂಬುದು ದುಃಖವಲ್ಲವೇ, ಭಯಾನಕ ರಸ ಹೇಗೆ ಆಸ್ವಾದ್ಯವಾದೀತು? ನಮ್ಮ ಆಲಂಕಾರಿಕರ ಉತ್ತರ ಎಲ್ಲರಿಗೂ ಗೊತ್ತು. ರಂಗದ ಮೇಲಿನ ಹುಲಿ ನನ್ನನ್ನು ತಿನ್ನಲು ಬರುವ ಹುಲಿಯಲ್ಲ. ನನಗೂ ಅದಕ್ಕೂ ನಡುವೆ ಒಂದು ದೂರವಿದೆ. ಆ ದೂರವೇ ಭಯವನ್ನು ರಸವಾಗಿಸುತ್ತದೆ. ಉತ್ತರದ ಕಡಲಿನ ಪ್ರವಾಸೋದ್ಯಮ ಮಾರುತ್ತಿರುವ ಸರಕು ಈ ದೂರವೇ. ಗಾಜಿನ ಗೋಡೆಯ ಹಿಂದೆ ಬೆಚ್ಚಗೆ ಕುಳಿತು, ಕೈಯಲ್ಲಿ ಕಾಫಿಯ ಬಟ್ಟಲು ಹಿಡಿದು, ಬಿರುಗಾಳಿಯನ್ನು ನೋಡುವ ಸುಖ. ಹುಸ್ಟಾಡ್‌ವಿಕಾದ ಅಂಚಿನಲ್ಲೇ ೧೯೮೯ರಲ್ಲಿ ತೆರೆದ ಅಟ್ಲಾಂಟಿಕ್ ರಸ್ತೆಯಿದೆ. ಎಂಟು ಸೇತುವೆಗಳ ಮೇಲೆ ದ್ವೀಪದಿಂದ ದ್ವೀಪಕ್ಕೆ ಜಿಗಿಯುವ, ಎಂಟು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದದ ಆ ರಸ್ತೆಯನ್ನು ಕಟ್ಟುವಾಗ ಹನ್ನೆರಡು ಚಂಡಮಾರುತಗಳು ಬಡಿದವೆಂದು ಹೇಳುತ್ತಾರೆ. ಈಗ ಜನ ಶರತ್ಕಾಲದ ಬಿರುಗಾಳಿಯನ್ನು ಕಾದಿದ್ದು ಅಲ್ಲಿಗೆ ಹೋಗುತ್ತಾರೆ, ಅಲೆಗಳು ಸೇತುವೆಗೆ ಅಪ್ಪಳಿಸುವುದನ್ನು ಕಣ್ತುಂಬಿಕೊಳ್ಳಲು.

ಅದೇ ಹುಸ್ಟಾಡ್‌ವಿಕಾದಲ್ಲಿ ೨೦೧೯ರ ಮಾರ್ಚ್ ೨೩ರಂದು ಆ ದೂರ ಇಲ್ಲವಾಯಿತು.

‘ವೈಕಿಂಗ್ ಸ್ಕೈ’ ಎಂಬ ವಿಹಾರನೌಕೆ ಉತ್ತರದ ಟ್ರೊಮ್ಸೊದಿಂದ ದಕ್ಷಿಣದ ಸ್ಟಾವಂಗರಿಗೆ ಹೊರಟಿತ್ತು. ಹಡಗಿನಲ್ಲಿದ್ದವರು ೧,೩೭೩ ಮಂದಿ. ಪ್ರಯಾಣಿಕರಲ್ಲಿ ಹೆಚ್ಚಿನವರು ವಯಸ್ಸಾದವರು. ಬಿರುಗಾಳಿಯ ಮುನ್ಸೂಚನೆ ಇತ್ತು. ಹವಾಮಾನದ ದೆಸೆಯಿಂದ ನಡುವಿನ ಬಂದರೊಂದನ್ನು ಆಗಲೇ ಕೈಬಿಡಲಾಗಿತ್ತು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಯಂತ್ರಗಳು ಒಂದರ ಹಿಂದೊಂದು ನಿಂತು ಹಡಗು ಶಕ್ತಿಹೀನವಾಯಿತು. ಕಾರಣ ಕೇಳಿದರೆ ನಗು ಬರುವಷ್ಟು ಸಣ್ಣದು: ಯಂತ್ರಗಳಿಗೆ ಜಾರುವಿಕೆ ಕೊಡುವ ಎಣ್ಣೆ ತೊಟ್ಟಿಗಳಲ್ಲಿ ಇರಬೇಕಾದುದಕ್ಕಿಂತ ಕಡಮೆಯಿತ್ತು. ಹಡಗು ಹೊಯ್ದಾಡಿದಾಗ ಎಣ್ಣೆ ತೊಟ್ಟಿಯ ಒಂದು ಬದಿಗೆ ಸರಿಯಿತು. ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರಿತು. ಒತ್ತಡ ಕುಸಿದುದನ್ನು ಕಂಡ ಯಂತ್ರ ತನ್ನನ್ನು ತಾನೇ ಉಳಿಸಿಕೊಳ್ಳಲು ನಿಂತುಬಿಟ್ಟಿತು. ಯಂತ್ರಕ್ಕೆ ತನ್ನ ರಕ್ಷಣೆ ತಿಳಿದಿತ್ತು, ಹಡಗಿನ ರಕ್ಷಣೆ ತಿಳಿದಿರಲಿಲ್ಲ.

ಆಮೇಲಿನದು ಲಂಗರಿನ ಕಥೆ. ಇಳಿಬಿಟ್ಟ ಲಂಗರುಗಳು ಹಡಗನ್ನು ಹಿಡಿದು ನಿಲ್ಲಿಸಲಾರದೆ ಹೋದವು. ಗಾಳಿ ಅದನ್ನು ಬಂಡೆಗಳತ್ತ ತಳ್ಳಿತು. ನಾವಿಕರು ಯಂತ್ರವನ್ನು ಮತ್ತೆ ಎಬ್ಬಿಸಿದಾಗ ನೆಲಕ್ಕೂ ಹಡಗಿಗೂ ಇದ್ದ ಅಂತರ ಆ ಹಡಗಿನ ಉದ್ದದಷ್ಟೂ ಇರಲಿಲ್ಲವೆಂದು ತನಿಖೆಯ ವರದಿ ಹೇಳುತ್ತದೆ. ಆ ಅಲೆಗಳಲ್ಲಿ ಜೀವರಕ್ಷಕ ದೋಣಿಗಳನ್ನು ಇಳಿಸುವಂತಿರಲಿಲ್ಲ. ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಹೆಲಿಕಾಪ್ಟರುಗಳು ಒಬ್ಬೊಬ್ಬರನ್ನೇ ಹಗ್ಗದಲ್ಲಿ ಎತ್ತಿಕೊಂಡವು: ೪೭೯ ಜನರನ್ನು. ನಡುವೆ, ಅದೇ ನೀರಿನಲ್ಲಿ ಇನ್ನೊಂದು ಸರಕು ಹಡಗೂ ಯಂತ್ರ ಕೆಟ್ಟು ಮೊರೆಯಿಟ್ಟಿತು. ಅದರ ಒಂಬತ್ತು ಮಂದಿ ನಾವಿಕರನ್ನೂ ಅವೇ ಹೆಲಿಕಾಪ್ಟರುಗಳು ಹೋಗಿ ತಂದವು. ಯಾರೂ ಸಾಯಲಿಲ್ಲ. ಮರುದಿನ ಹಡಗು ಮೋಲ್ಡೆಯ ಬಂದರು ಸೇರಿತು.

೨೦೨೪ರಲ್ಲಿ ಹೊರಬಂದ ತನಿಖಾ ವರದಿಯ ಒಂದು ಮಾತು ಹೆಚ್ಚು ಗಮನಾರ್ಹ. ಹಡಗಿನ ನಾಲ್ಕು ವಿದ್ಯುಜ್ಜನಕಗಳಲ್ಲಿ ಒಂದು ಮೊದಲೇ ಕೆಟ್ಟಿತ್ತು. ಸುರಕ್ಷತೆಯ ನಿಯಮದ ಪ್ರಕಾರ ಆ ಸ್ಥಿತಿಯಲ್ಲಿ ಅದು ಟ್ರೊಮ್ಸೊದಿಂದ ಹೊರಡಲೇಬಾರದಾಗಿತ್ತು. ಕಡಲನ್ನು ದೂಷಿಸುವುದು ಸುಲಭ. ಆದರೆ ಹುಸ್ಟಾಡ್‌ವಿಕಾ ತನ್ನ ಸ್ವಭಾವವನ್ನು ಎಂದೂ ಮರೆಮಾಚಿದ್ದಿಲ್ಲ. ನಕ್ಷೆಗಳಲ್ಲಿ ಅದು ಅಪಾಯದ ನೀರೆಂದೇ ಗುರುತಾಗಿದೆ. ಮರೆತವರು ನಾವು. ವೇಳಾಪಟ್ಟಿ, ಮುಂಗಡ ಹಣ, ಮುಂದಿನ ಬಂದರಿನಲ್ಲಿ ಕಾದಿರುವ ಬಸ್ಸುಗಳು ಇವೆಲ್ಲ ಸೇರಿ ಹಡಗನ್ನು ಹೊರಡಿಸುವ ಒಂದು ಬಲವಾಗುತ್ತವೆ, ಯಾರೊಬ್ಬರೂ ಬಾಯಿಬಿಟ್ಟು ಆಜ್ಞೆ ಮಾಡದಿದ್ದರೂ. ಇದು ವರದಿಯ ಮಾತಲ್ಲ, ನನ್ನ ಊಹೆ. ಆದರೂ ವಿಹಾರಯಾತ್ರೆಯ ವ್ಯವಹಾರವನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರೆಂದು ತೋರುತ್ತದೆ.

ಸಾಹಿತ್ಯದ ಪಾಲೂ ಇದರಲ್ಲಿ ಇಲ್ಲದಿಲ್ಲ. ಲೋಫೊಟೆನ್ ದ್ವೀಪಗಳ ತುದಿಯ ಮೋಸ್ಕ್‌ಸ್ಟ್ರೌಮೆನ್ ಎಂಬ ಸುಳಿಯನ್ನು ಜಗತ್ಪ್ರಸಿದ್ಧವಾಗಿಸಿದವರು ಅದನ್ನು ಕಣ್ಣಾರೆ ನೋಡದವರು. ಅಮೆರಿಕದ ಎಡ್ಗರ್ ಆಲನ್ ಪೋ ೧೮೪೧ರಲ್ಲಿ ಅದರ ಮೇಲೆ ಕಥೆ ಬರೆದರು. ಫ್ರಾನ್ಸಿನ ಜೂಲ್ಸ್ ವರ್ನ್ ತಮ್ಮ ಜಲಾಂತರ್ನೌಕೆಯ ಕಾದಂಬರಿಯನ್ನು ಅಲ್ಲಿಗೇ ತಂದು ಮುಗಿಸಿದರು. ಹಡಗುಗಳನ್ನು ಇಡಿಯಾಗಿ ನುಂಗುವ ಪಾತಾಳದ ಬಾಯಿ ಎಂಬ ಕಲ್ಪನೆ ಬೆಳೆದದ್ದು ಹೀಗೆ. ನಿಜದಲ್ಲಿ ಅದು ಉಬ್ಬರ ಇಳಿತಗಳ ಆಟ. ದ್ವೀಪಸಾಲಿನ ಒಳಗಿನ ನೀರಿಗೂ ಹೊರಗಿನ ನೀರಿಗೂ ಮಟ್ಟದ ವ್ಯತ್ಯಾಸ ಬಂದಾಗ ಆಳವಿಲ್ಲದ ಆ ಕಂಡಿಯ ಮೂಲಕ ನೀರು ನುಗ್ಗಿ ನೂರಾರು ಸಣ್ಣ ಸುಳಿಗಳಾಗಿ ಒಡೆಯುತ್ತದೆ. ಚಿಕ್ಕ ದೋಣಿಗಳಿಗೆ ಅದು ನಿಜವಾದ ಅಪಾಯ, ಪಾತಾಳವಂತೂ ಅಲ್ಲ. ಇದಕ್ಕೆ ಪ್ರತಿಯಾಗಿ ಪೆಟ್ಟರ್ ದಾಸ್ ಎಂಬ ಪಾದ್ರಿಕವಿ ಇದ್ದಾರೆ. ಅಲ್‌ಸ್ಟಹೌಗ್ ಎಂಬಲ್ಲಿ ಧರ್ಮಗುರುವಾಗಿದ್ದು ೧೭೦೭ರಲ್ಲಿ ತೀರಿಕೊಂಡ ಇವರ ‘ನೂರ್‌ಲಾಂಡಿನ ಕಹಳೆ’ ಎಂಬ ಕಾವ್ಯ ಅಚ್ಚಾದದ್ದು ೧೭೩೯ರಲ್ಲಿ. ಅಲ್ಲಿ ಮೀನುಗಾರಿಕೆ, ಹವೆ, ದೋಣಿ, ಬಡತನ, ಸಾವು ಎಲ್ಲವೂ ಬರುತ್ತವೆ. ಕಡಲು ನೋಟವಾಗಿ ಬರುವುದಿಲ್ಲ, ಬದುಕಾಗಿ ಬರುತ್ತದೆ. ಅವರು ಸತ್ತ ಮೇಲೆ ಆ ಸೀಮೆಯ ದೋಣಿಗಳು ಬಹುಕಾಲ ತಮ್ಮ ಹಾಯಿಗೆ ಕಪ್ಪು ಬಟ್ಟೆಯ ತುಂಡು ಹೊಲಿದುಕೊಂಡಿದ್ದವೆಂದು ಪ್ರತೀತಿ. ಕವಿಗೆ ಸಂದ ಗೌರವಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕೇಳಿಲ್ಲ.

ಯಂತ್ರಗಳು ಬೆಳೆದಂತೆ ಅಪಾಯ ಇಲ್ಲವಾಯಿತೆಂದು ಭಾವಿಸುವವರು ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಬೇಕು. ೧೯೬೨ರ ಅಕ್ಟೋಬರ್ ೨೧ರ ರಾತ್ರಿ ‘ಸಾಂಕ್ತ್ ಸ್ವಿಟುನ್’ ಎಂಬ ತ್ವರಿತಮಾರ್ಗದ ಹಡಗು ಫೋಲ್ಡಾದಲ್ಲಿ ದಾರಿಯಿಂದ ಬಹುದೂರ ಸರಿದು ಬಂಡೆಗೆ ಬಡಿದು ೪೧ ಜನ ಸತ್ತರು. ದಾರಿ ಏಕೆ ತಪ್ಪಿತೆಂಬುದು ಬಗೆಹರಿಯಲೇ ಇಲ್ಲ. ೨೦೨೫ರ ಮೇ ತಿಂಗಳ ಒಂದು ಮುಂಜಾನೆ ಟ್ರೋಂಡ್‌ಹೈಮ್ ಫ್ಯೋರ್ಡಿನಲ್ಲಿ ೧೩೫ ಮೀಟರ್ ಉದ್ದದ ಸರಕು ಹಡಗೊಂದು ದಂಡೆಯೇರಿ ಒಂದು ಮನೆಯಿಂದ ಕೆಲವೇ ಮೀಟರುಗಳ ಅಂತರದಲ್ಲಿ ನಿಂತಿತು. ಉಪಗ್ರಹಗಳು ದಾರಿ ತೋರುವ ಈ ಕಾಲದಲ್ಲಿ, ಶಾಂತವಾದ ನೀರಿನಲ್ಲಿ! ಒಬ್ಬನೇ ಕಾವಲಿದ್ದ ಅಧಿಕಾರಿ ತಾನು ನಿದ್ದೆ ಹೋದೆನೆಂದು ಪೊಲೀಸರಿಗೆ ತಿಳಿಸಿದ. ಜಗತ್ತಿನ ಪತ್ರಿಕೆಗಳು ಅಂಗಳಕ್ಕೆ ಬಂದ ಹಡಗಿನ ಚಿತ್ರವನ್ನು ವಿನೋದವಾಗಿ ಅಚ್ಚುಹಾಕಿದವು.

ಫ್ಯೋರ್ಡಿನ ಒಳಗೂ ನೆಮ್ಮದಿ ಪೂರ್ತಿಯಲ್ಲ. ೨೦೦೫ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಗೈರಂಗರ್ ಫ್ಯೋರ್ಡನ್ನು ನೋಡಲು ಹೋಗುವ ಪ್ರತಿ ಹಡಗೂ ಓಕ್ನೆಸ್ ಎಂಬ ಬಿರುಕುಬಿಟ್ಟ ಬೆಟ್ಟದ ಸೀಮೆಯನ್ನು ಹಾದುಹೋಗುತ್ತದೆ. ಆ ಬಿರುಕು ವರ್ಷವರ್ಷವೂ ಅಗಲವಾಗುತ್ತಿದೆ. ಹಗಲಿರುಳು ಯಂತ್ರಗಳು ಅದನ್ನು ಅಳೆಯುತ್ತಿವೆ. ೧೯೩೪ರಲ್ಲಿ ನೆರೆಯ ಟಾಫ್ಯೋರ್ಡಿನಲ್ಲಿ ಬೆಟ್ಟ ಕುಸಿದು ಎದ್ದ ಅಲೆಗೆ ೪೦ ಜನ ಬಲಿಯಾದರು. ಪ್ರವಾಸಿಯ ಹಡಗಿನ ಹೊಗೆಯಿಂದ ಈ ನೋಟವನ್ನು ಉಳಿಸಬೇಕೆಂದು ೨೦೨೬ರ ಜನವರಿಯಿಂದ ಈ ಪರಂಪರೆಯ ಫ್ಯೋರ್ಡುಗಳಲ್ಲಿ ಚಿಕ್ಕ ಹಡಗುಗಳಿಗೆ ಹೊಗೆರಹಿತ ಸಂಚಾರದ ನಿಯಮ ಬಂದಿದೆ; ಹತ್ತು ಸಾವಿರ ಟನ್ನಿನ ಮೇಲಿನ ದೊಡ್ಡ ಹಡಗುಗಳಿಗೆ ೨೦೩೨ರವರೆಗೆ ಸಡಿಲಿಕೆ. ಹೆಚ್ಚು ಹೊಗೆ ಬಿಡುವವರಿಗೆ ಹೆಚ್ಚು ಕಾಲಾವಕಾಶ ಎಂಬ ಈ ನ್ಯಾಯವನ್ನು ಏನೆನ್ನಬೇಕೋ!

ಇನ್ನು ಸುರಂಗದ ಮಾತಿಗೆ ಬರೋಣ. ಸ್ಟಾಡ್ ಎಂಬುದು ದ್ವೀಪಗಳ ಮರೆಯೇ ಇಲ್ಲದೆ ಕಡಲಿಗೆ ಚಾಚಿದ ನೆಲದ ಮೂಗು. ಗಾಳಿ, ಪ್ರವಾಹ, ಏರುಪೇರಾದ ತಳ ಮೂರೂ ಸೇರಿ ಅಲ್ಲಿ ಬೇರೆಬೇರೆ ದಿಕ್ಕಿನ ಅಲೆಗಳು ಏಕಕಾಲಕ್ಕೆ ಹಡಗಿಗೆ ಅಪ್ಪಳಿಸುತ್ತವೆ. ಗಾಳಿ ಇಳಿದ ಮೇಲೂ ಕೆಲವು ದಿನ ಕಡಲಿನ ಕೋಪ ಇಳಿಯುವುದಿಲ್ಲ. ಎರಡನೆಯ ಮಹಾಯುದ್ಧದಿಂದೀಚೆಗೆ ಅಲ್ಲಿ ಮಡಿದವರು ೩೩ ಮಂದಿ. ಹಿಂದೆ ವೈಕಿಂಗ್ ನಾವಿಕರು ಆ ಭೂಶಿರವನ್ನು ಸುತ್ತಲು ಹೆದರಿ ತಮ್ಮ ನೌಕೆಗಳನ್ನು ನೆಲದ ಮೇಲೆ ಎಳೆದುಕೊಂಡು ದಾಟುತ್ತಿದ್ದರೆಂದು ಹೇಳಿಕೆಯಿದೆ. ಬೆಟ್ಟ ಕೊರೆಯುವ ಆಲೋಚನೆ ಮೊದಲು ಪತ್ರಿಕೆಯಲ್ಲಿ ಬಂದದ್ದು ೧೮೭೪ರಲ್ಲಿ. ಸಂಸತ್ತು ಒಪ್ಪಿದ್ದು ೨೦೨೧ರಲ್ಲಿ. ೧.೭ ಕಿಲೋಮೀಟರ್ ಉದ್ದ, ೩೬ ಮೀಟರ್ ಅಗಲ, ೫೦ ಮೀಟರ್ ಎತ್ತರದ ಕಲ್ಲಿನ ಗವಿ. ಕರಾವಳಿಯ ಅಂಚೆಹಡಗು ಅದರಲ್ಲಿ ಸಲೀಸಾಗಿ ಹಾಯಬಹುದು.

ವಿರೋಧಿಗಳ ಲೆಕ್ಕ ಹೀಗೆ: ಎಂಟು ದಶಕಗಳಲ್ಲಿ ಮೂವತ್ತಮೂರು ಸಾವು, ಅದರಲ್ಲೂ ಈಚಿನ ವರ್ಷಗಳಲ್ಲಿ ವಿರಳ; ಹವಾಮಾನದ ಮುನ್ಸೂಚನೆ ಸುಧಾರಿಸಿದೆ; ಅಷ್ಟು ಹಣದಲ್ಲಿ ಎಷ್ಟು ರಸ್ತೆ, ಎಷ್ಟು ಆಸ್ಪತ್ರೆ! ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸಾವು ವಿರಳವಾದದ್ದು ಕಡಲು ಸೌಮ್ಯವಾದುದರಿಂದಲ್ಲ. ನಾವಿಕರು ಕಾಯುವುದನ್ನು ಕಲಿತುದರಿಂದ. ಕಾಯುವುದಕ್ಕೂ ಬೆಲೆಯಿದೆ, ಅದನ್ನು ತೆರುವವರು ಮೀನುಗಾರರು, ಬಂದರಿನ ಕೂಲಿಯವರು, ದ್ವೀಪದ ಅಂಗಡಿಯವರು. ಸುರಂಗ ಬೇಕೆನ್ನುವವರ ವಾದದಲ್ಲೂ ಒಂದು ದೌರ್ಬಲ್ಯವಿದೆ: ಜಗತ್ತಿನ ಮೊದಲ ಹಡಗು ಸುರಂಗವನ್ನು ನೋಡಲು ಪ್ರವಾಸಿಗಳು ಬರುತ್ತಾರೆಂಬ ಆಸೆಯನ್ನೂ ಅವರು ಜೀವರಕ್ಷಣೆಯ ಜೊತೆಗೆ ಹೆಣೆದುಬಿಟ್ಟರು. ಜೀವದ ಮಾತಿಗೆ ನೋಟದ ವ್ಯಾಪಾರವನ್ನು ಸಾಕ್ಷಿ ಕರೆದ ಮೇಲೆ ಲೆಕ್ಕಿಗರು ಅದನ್ನು ವ್ಯಾಪಾರವಾಗಿಯೇ ತೂಗಿದರು.

ಬಿರುಗಾಳಿಯ ದಿನಗಳಲ್ಲಿ ಸ್ಟಾಡಿನ ಇಕ್ಕೆಲದ ಬಂದರುಗಳಲ್ಲಿ ಹಡಗುಗಳು ಲಂಗರು ಹಾಕಿ ಸಾಲಾಗಿ ನಿಲ್ಲುತ್ತವೆ. ದಕ್ಷಿಣದವು ಉತ್ತರಕ್ಕೆ ಹೋಗಬೇಕಾದವು, ಉತ್ತರದವು ದಕ್ಷಿಣಕ್ಕೆ. ಕೆಲವೊಮ್ಮೆ ಗಾಳಿ ನಿಂತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ದಂಡೆಯ ಮೇಲಿನ ಪ್ರವಾಸಿಗೆ ಎಲ್ಲವೂ ಪ್ರಶಾಂತವಾಗಿ ಕಾಣುತ್ತದೆ. ಹಡಗುಗಳು ಆಗಲೂ ಹೊರಡುವುದಿಲ್ಲ.