ನಮ್ಮ ಮಕ್ಕಳಿಗೆ ಬ್ಯಾಗ್ ಬೇಡ ಸ್ವಾಮಿ

ನಲವತ್ತೈದು ದಾಟಿದ ಮೇಲೆ ನಾನು ಓಡಲು ಶುರು ಮಾಡಿದ್ದೇನೆ. ಬರುವ ಜನವರಿಯಲ್ಲಿ ಚೆನ್ನೈನಲ್ಲಿ ಪೂರ್ಣ ಮ್ಯಾರಥಾನ್ ಓಡುವುದು, ಆ ನೆಪದಲ್ಲಿ ಶಾಲೆಗೆ ಒಂದಿಷ್ಟು ಹಣ ಕೂಡಿಸುವುದು ನನ್ನ ಯೋಚನೆ. ಮೊದಲ ದಿನ ಊರಾಚೆ ಓಡುತ್ತಿದ್ದಾಗ ಎದುರಿಗೆ ಸಿಕ್ಕ ಏಳನೇ ತರಗತಿ ಹುಡುಗ ಗಾಬರಿಯಿಂದ ನನ್ನ ಹಿಂದೆ ಇಣುಕಿ ನೋಡಿ, "ಯಾರು ಸಾರ್ ಅಟ್ಟಿಸ್ಕೊಂಡ್ ಬರ್ತಾವ್ರೆ?" ಎಂದ. ಅವನಿಗೆ ಉತ್ತರ ಕೊಡುವುದು ಸುಲಭವಾಯಿತು. ಕಷ್ಟವಾದದ್ದು ನಮ್ಮ ಹಿರಿಯ ಮೇಷ್ಟ್ರೊಬ್ಬರ ಮಾತಿಗೆ. "ಸರ್ಕಾರಿ ಸಂಬಳ ತಗೊಳ್ಳೋನು ಊರ ಮುಂದೆ ಜೋಳಿಗೆ ಹಿಡಿಯೋದಾ?" ಎಂದುಬಿಟ್ಟರು. ಈ ಬರಹ ಅವರಿಗೆ, ಮತ್ತು ಬೆಂಗಳೂರಿನ ಓಟಗಾರ ಮಿತ್ರರಿಗೆ. ಇಬ್ಬರ ಮೇಲೂ ನನಗೆ ಸ್ವಲ್ಪ ಜಗಳವಿದೆ.

ಮೊದಲು ಮೇಷ್ಟ್ರ ಚಾಳಿಯ ಒಂದು ತಿದ್ದುಪಡಿ. ಈಗ ಐದು ಕಿಲೋಮೀಟರ್ ಓಡಿದರೂ ಮ್ಯಾರಥಾನ್, ಬ್ಯಾನರ್ ಹಿಡಿದು ಬಸ್ ನಿಲ್ದಾಣದ ತನಕ ನಡೆದರೂ ಮ್ಯಾರಥಾನ್! ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿಸಿದ ಈ ಅಳತೆಯೇ 1921ರಲ್ಲಿ ಖಾಯಂ ಆಯಿತು. ನಮಗೆ ಇನ್ನೂ ಸುಲಭವಾಗಿ ಹೇಳುವುದಾದರೆ, ಬೆಂಗಳೂರಿನ ನಡುಮಧ್ಯದಿಂದ ಹೊರಟು ಅತ್ತಿಬೆಲೆ ದಾಟಿ ಹೊಸೂರು ಮುಟ್ಟಿದರೆ ಹೆಚ್ಚುಕಮ್ಮಿ ಒಂದು ಮ್ಯಾರಥಾನ್. 1965ರವರೆಗೆ ಸೇಲಂ ಜಿಲ್ಲೆ, 2004ರವರೆಗೆ ಧರ್ಮಪುರಿ ಜಿಲ್ಲೆ, ಆಮೇಲೆ ಕೃಷ್ಣಗಿರಿ ಎಂದು ಬೋರ್ಡು ಬದಲಾಯಿಸಿಕೊಂಡು ಬಂದ ಈ ಸೀಮೆಯ ಕನ್ನಡ ಶಾಲೆಗಳು ಅಷ್ಟು ಹತ್ತಿರದಲ್ಲಿವೆ. ಓಡುವವರ ಕಾಲಿಗೆ ಅದು ನಾಲ್ಕೈದು ಗಂಟೆಯ ದೂರ. ಅವರು ಕೂಡಿಸಿದ ಹಣಕ್ಕೆ ಮಾತ್ರ ಗಡಿಯ ಟೋಲ್ ದಾಟಲಾಗುವುದಿಲ್ಲ.

ಬೆಂಗಳೂರಿನಲ್ಲಿ 2008ರಿಂದ ದೊಡ್ಡ ಹತ್ತು ಕಿಲೋಮೀಟರ್ ಓಟ ನಡೆಯುತ್ತಿದೆ. ಮುಂಬೈ ಮ್ಯಾರಥಾನ್ 2004ರಲ್ಲೇ ಶುರುವಾಯಿತು. ಎರಡರಲ್ಲೂ ಓಡುವವರು ತಮ್ಮ ಗೆಳೆಯರು, ನೆಂಟರು, ಆಫೀಸಿನವರಿಂದ ಸೇವಾಸಂಸ್ಥೆಗಳಿಗೆ ಹಣ ಕೇಳುತ್ತಾರೆ. ಒಳ್ಳೆಯ ಕೆಲಸ, ನಾನು ಅಣಕಿಸುವುದಿಲ್ಲ. ಆದರೆ ಅದರ ಒಳಗಿನ ವ್ಯವಸ್ಥೆ ನೋಡಿ. ಹಣ ಹೋಗುವುದು ನೋಂದಾಯಿತ ಸಂಸ್ಥೆಗಳಿಗೆ. ಕೊಡುವವರು ಆದಾಯ ತೆರಿಗೆಯ 80ಜಿ ರಸೀದಿ ಕೇಳುತ್ತಾರೆ. ಹಳ್ಳಿಯ ಸರ್ಕಾರಿ ಶಾಲೆ ಇದನ್ನೆಲ್ಲ ಎಲ್ಲಿಂದ ತರಬೇಕು? ಹಾಗಾಗಿ ನಡುವೆ ಒಂದು ಸಂಸ್ಥೆ ಬೇಕು, ಆ ಸಂಸ್ಥೆಗೆ ಕರ್ನಾಟಕದೊಳಗೇ ಕೈತುಂಬ ಕೆಲಸ. ಕನ್ನಡದ ಹೆಸರಿನಲ್ಲಿ ನವೆಂಬರ್ ಒಂದಕ್ಕೆ ಗಡಿಯ ತನಕ ಬಂದು ಬಾವುಟ ಹಾರಿಸಿ ಹಿಂದಿರುಗುವವರೂ ಇದ್ದಾರೆ, ಬಿಡಿ.

ಒಮ್ಮೆ ದಾಟಿ ಬಂದರು. ಒಂದು ಕಂಪನಿಯ ಓಟಗಾರರ ತಂಡ, ಒಂದೇ ಬಣ್ಣದ ಬನಿಯನ್ನು ತೊಟ್ಟು, ಎರಡು ವ್ಯಾನಿನಲ್ಲಿ. ಮಕ್ಕಳಿಗೆ ಸ್ಕೂಲ್ ಬ್ಯಾಗ್ ತಂದಿದ್ದರು. ನಮ್ಮ ಮಕ್ಕಳಿಗೆ ತಮಿಳುನಾಡು ಸರ್ಕಾರವೇ ಬ್ಯಾಗ್ ಕೊಡುತ್ತದೆ. ಪುಸ್ತಕ, ನೋಟ್‌ಬುಕ್, ಸಮವಸ್ತ್ರ, ಚಪ್ಪಲಿ, ಬಸ್ ಪಾಸ್, ಮಧ್ಯಾಹ್ನದ ಊಟ, 2022ರಿಂದ ಪ್ರಾಥಮಿಕ ತರಗತಿಯವರಿಗೆ ಬೆಳಗಿನ ತಿಂಡಿ... ಈ ವಿಷಯದಲ್ಲಿ ಈ ಸರ್ಕಾರವನ್ನು ದೂರುವವನ ಬಾಯಿಗೆ ಹುಳ ಬೀಳಲಿ. ಬರುವ ಮುಂಚೆ ಒಂದು ಫೋನ್ ಮಾಡಿ "ಏನು ಬೇಕು ಮೇಷ್ಟ್ರೇ?" ಎಂದು ಕೇಳಿದ್ದರೆ ಸಾಕಿತ್ತು. ಎರಡೆರಡು ಬ್ಯಾಗ್ ತೂಗಿಕೊಂಡು ನಿಂತ ಮಕ್ಕಳ ಫೋಟೋ ತೆಗೆದುಕೊಂಡು ಹೋದರು. ಆ ಮಕ್ಕಳಲ್ಲಿ ಕೆಲವರು ದಿನಕ್ಕೆ ಆರು ಕಿಲೋಮೀಟರ್ ನಡೆಯುತ್ತಾರೆ. ಅವರ ನಡಿಗೆಗೆ ಕಿಲೋಮೀಟರಿಗೆ ಇಷ್ಟು ಎಂದು ಯಾರೂ ಕೊಟ್ಟಿಲ್ಲ.

ನಮಗೆ ಬೇಕಾದದ್ದು ಬೇರೆ. ಕನ್ನಡದಲ್ಲಿ ಪಾಠ ಮಾಡುವ ಮೇಷ್ಟ್ರು ನಿವೃತ್ತರಾದ ಜಾಗಕ್ಕೆ ಇನ್ನೊಬ್ಬ ಮೇಷ್ಟ್ರು ಬೇಕು. 2006ರ ಕಾಯ್ದೆಯಂತೆ ತಮಿಳು ಕಡ್ಡಾಯವಾದ ಮೇಲೆ, ಅದನ್ನು ಕನ್ನಡ ಮಕ್ಕಳಿಗೆ ಅವರ ದಾರಿಯಲ್ಲೇ ಹೇಳಿಕೊಡಬಲ್ಲವರು ಬೇಕು. ನಮ್ಮ ಮಕ್ಕಳು ತಮಿಳು ಕಲಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಈ ನೆಲದ ಅನ್ನ ಉಂಡವರು ನಾವು. ಆದರೆ ಕನ್ನಡ ಬಿಟ್ಟು ಕಲಿಯಬೇಕು ಎಂದರೆ ಜಗಳವೇ.

ಈಗ ಹಿರಿಯ ಮೇಷ್ಟ್ರಿಗೆ ಉತ್ತರ. ಸಾರ್, ನಿಮ್ಮ ಮಾತು ಅರ್ಧ ಸರಿ. ಮೇಷ್ಟ್ರ ಸಂಬಳಕ್ಕಾಗಿ ನಾನು ಓಡುವುದಿಲ್ಲ. ಚಂದಾ ಎತ್ತಿ ತಾತ್ಕಾಲಿಕ ಶಿಕ್ಷಕರನ್ನು ಇಟ್ಟುಕೊಳ್ಳಿ ಎಂದು ಪೋಷಕರೇ ಹೇಳಿದರು, ಒಪ್ಪಲಿಲ್ಲ. ಒಂದು ವರ್ಷ ಹಾಗೆ ನಡೆಸಿದರೆ ಆ ಹುದ್ದೆ ಬೇಕೆಂದು ಕೇಳುವ ಬಾಯಿಯೇ ನಮಗಿರುವುದಿಲ್ಲ. "ನಡೀತಿದೆಯಲ್ಲ" ಎನ್ನುತ್ತಾರೆ. ಅದಕ್ಕೆ ಅರ್ಜಿ ಬರೆಯಬೇಕು, ಮತ್ತೆ ಬರೆಯಬೇಕು, ಬೇಕಾದರೆ ಕೋರ್ಟಿಗೂ ಹೋಗಬೇಕು. ಸರ್ಕಾರವೇ 2022ರ ಡಿಸೆಂಬರಿನಲ್ಲಿ 'ನಮ್ಮ ಸ್ಕೂಲ್ ನಮ್ಮ ಊರು ಪಳ್ಳಿ' ಎಂದು ದಾನಿಗಳನ್ನು ಕರೆಯಿತು. ('ನಮ್ಮ' ಎಂಬ ಮಾತು ಎರಡೂ ಭಾಷೆಗೆ ಒಂದೇ, ಇದನ್ನು ಮಕ್ಕಳಿಗೆ ಹೇಳಿದಾಗ ಅವರಿಗೆ ಬಹಳ ಖುಷಿ.) ದಾನದಿಂದ ಕಟ್ಟಡಕ್ಕೆ ಸುಣ್ಣ ಬಣ್ಣವಾಗಲಿ, ಬೇಡ ಎನ್ನುವುದಿಲ್ಲ. ಹುದ್ದೆ ನಮ್ಮ ಹಕ್ಕು, ದಾನವಲ್ಲ.

ಹಾಗಾದರೆ ಯಾವುದಕ್ಕೆ ಓಡುವುದು? ಕಥೆ ಪುಸ್ತಕಕ್ಕೆ. ನಮ್ಮ ಮಕ್ಕಳಿಗೆ ಪಠ್ಯಪುಸ್ತಕ ಬಿಟ್ಟರೆ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದೇ ಅಪರೂಪ. ಅಂಗಡಿ ಬೋರ್ಡು ತಮಿಳು, ಬಸ್ಸಿನ ಬೋರ್ಡು ತಮಿಳು, ಮನೆಯ ಟಿವಿಯೂ ಹೆಚ್ಚಾಗಿ ತಮಿಳು. ಒಂದು ಬೀರು ತುಂಬ ಕಥೆ, ನಾಲ್ಕು ನಿಘಂಟು, ವರ್ಷವಿಡೀ ಒಂದು ಕನ್ನಡ ದಿನಪತ್ರಿಕೆ, ಅಷ್ಟೇ ಪಟ್ಟಿ.

ಯಾರನ್ನು ಕೇಳುವುದು? ಕೆನಡಾದ ಟೆರ್ರಿ ಫಾಕ್ಸ್ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡಿದ್ದ ಹುಡುಗ. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ಅವನು ಶ್ರೀಮಂತರನ್ನಷ್ಟೇ ಹುಡುಕಲಿಲ್ಲ, ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್ ಕೇಳಿದ. ರೋಗ ಮರುಕಳಿಸಿ ಓಟ ನಿಂತಿತು. ಆದರೂ ಮರುವರ್ಷದ ಫೆಬ್ರವರಿ ಹೊತ್ತಿಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ದಾಟಿ, ತಲೆಗೊಂದು ಡಾಲರಿನ ಲೆಕ್ಕ ತುಂಬಿತು. ನಾನೂ ಮೊದಲು ಕೇಳುವುದು ನಮ್ಮವರನ್ನೇ. ಕನ್ನಡ ಶಾಲೆಯಲ್ಲಿ ಕಲಿತು ಹೊಸೂರಿನ ಕಾರ್ಖಾನೆಗಳಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳೇ, ಕಿಲೋಮೀಟರಿಗೆ ಹತ್ತು ರೂಪಾಯಿ, ಒಟ್ಟು 422. ನಾನು ಮೂವತ್ತಕ್ಕೇ ಕುಸಿದು ಕುಳಿತರೆ 300 ಕೊಡಿ, ಉಳಿದದ್ದು ನಿಮ್ಮಲ್ಲೇ ಇರಲಿ. ಹಣ ಶಾಲಾ ನಿರ್ವಹಣಾ ಸಮಿತಿಯ ಖಾತೆಗೆ, ಲೆಕ್ಕ ಶಾಲೆಯ ನೋಟಿಸ್ ಬೋರ್ಡಿನಲ್ಲಿ. ಬೂಟು, ಪ್ರವೇಶ ಶುಲ್ಕ, ರೈಲು ಚಾರ್ಜು ನನ್ನ ಸಂಬಳದ್ದು.

ತಯಾರಿ ನಡೆದಿದೆ. ರಾಗಿ ಮುದ್ದೆ, ಹುರುಳಿ ಸಾರು, ವಾರಕ್ಕೆ ನಾಲ್ಕು ದಿನ ಓಟ, ಭಾನುವಾರ ಉದ್ದದ ಓಟ. ಆದರೆ ರಾಗಿ ಕೊಯ್ಲಿನ ಕಾಲ. ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡಿಗೆ ಇಳಿದ ಆನೆಗಳು ಹೊಲಕ್ಕೆ ಬರುತ್ತವೆ, ಕತ್ತಲಲ್ಲಿ ರಸ್ತೆಗೆ ಹೋಗಬೇಡಿ ಎಂದು ಊರವರು ತಡೆದರು. ಹೋದ ಭಾನುವಾರ 28 ಕಿಲೋಮೀಟರನ್ನು ಶಾಲೆಯ ಮೈದಾನದಲ್ಲೇ ಮುಗಿಸಬೇಕಾಯಿತು. ಸುತ್ತಿಗೆ 200 ಮೀಟರ್, ಒಟ್ಟು 140 ಸುತ್ತು. ಎಣಿಸುವ ಕೆಲಸ ಮೂರನೇ ತರಗತಿಯವನೊಬ್ಬನಿಗೆ ಕೊಟ್ಟಿದ್ದೆ, ಕನ್ನಡದಲ್ಲೇ ಗಟ್ಟಿಯಾಗಿ ಕೂಗಿ ಎಣಿಸಬೇಕು ಎಂದು. ತೊಂಬತ್ತೊಂಬತ್ತು ಆದ ಮೇಲೆ ಮತ್ತೆ ತೊಂಬತ್ತು ಎಂದುಬಿಟ್ಟ! ನನಗೆ ಅನುಮಾನ ಬಂದರೂ ತಿದ್ದುವಷ್ಟು ಉಸಿರಿರಲಿಲ್ಲ. ಎರಡು ಕಿಲೋಮೀಟರ್ ಹೆಚ್ಚಿಗೆ ಓಡಿದೆ.