ಹಳೆ ನಕ್ಷೆ ಬೇಕು, ಹಾರೆ ಬೇಡ

ಬೆಂಗಳೂರಿನ ನೆಲದಡಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಎರಡು ಸಲ ಸಿಕ್ಕಿದೆ. 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕಾಮಗಾರಿಗೆ ಅಗೆದಾಗ 163 ನಾಣ್ಯ, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256. ಎರಡೂ ಆಕಸ್ಮಿಕವಾಗಿ ಸಿಕ್ಕವು. ಬರೀ ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟಿದರೆ ಅವು ದೊಡ್ಡ ನಿಧಿಯೇನಲ್ಲ. ಆದರೆ ಎಲ್ಲಿ ಸಿಕ್ಕವು ಎಂಬುದು ದಾಖಲಾಯಿತು. ಆದ್ದರಿಂದಲೇ ಎರಡು ಸಾವಿರ ವರ್ಷಗಳ ಹಿಂದಿನ ಕಡಲ ವ್ಯಾಪಾರದ ಹಣ ಈ ಒಳನಾಡಿನವರೆಗೂ ಬಂದಿತ್ತೆಂದು ಚರಿತ್ರೆಕಾರರು ಧೈರ್ಯವಾಗಿ ಹೇಳಬಲ್ಲರು. ಅದೇ ನಾಣ್ಯಗಳು ಸದ್ದಿಲ್ಲದೆ ಅಕ್ಕಸಾಲಿಗನ ಮೂಸೆ ಸೇರಿದ್ದರೆ ಉಳಿಯುತ್ತಿದ್ದುದು ಒಂದು ಹಿಡಿ ಬೆಳ್ಳಿ ಮಾತ್ರ.

ಇದನ್ನು ಈಗ ನೆನೆಯಲು ಕಾರಣವಿದೆ. ಹಳೆಯ ಟೋಪೊ (ಸ್ಥಳಾಕೃತಿ) ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸುವುದು, ಮಾಯವಾದ ಊರು, ಜಾತ್ರೆ ಮಾಳ, ದೋಣಿಗಡಗಳನ್ನು ಗುರುತಿಸುವುದು, ಆಮೇಲೆ ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿಗೆ ಹೊರಡುವುದು ಬ್ರಿಟನ್ ಮತ್ತು ಅಮೆರಿಕದಲ್ಲಿ ದಶಕಗಳಿಂದ ಬೆಳೆದಿರುವ ಹವ್ಯಾಸ. ಅದರ ವಿಡಿಯೊಗಳು ನಮ್ಮ ಮೊಬೈಲುಗಳಲ್ಲೂ ಹರಿದಾಡುತ್ತವೆ. ಯಂತ್ರವೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಈ ಹವ್ಯಾಸದ ಮೊದಲರ್ಧ, ಅಂದರೆ ನಕ್ಷೆಯ ಓದು, ಕರ್ನಾಟಕದ ಪ್ರತಿ ಶಾಲೆಗೂ ಪಂಚಾಯಿತಿಗೂ ಬರಬೇಕು. ಉಳಿದರ್ಧಕ್ಕೆ ಇಲ್ಲಿ ಜಾಗವಿಲ್ಲ. ಸದ್ಯ ಆಗುತ್ತಿರುವುದು ತಿರುವುಮುರುವು: ಯಂತ್ರ ಸುಲಭ, ಹಳೆ ನಕ್ಷೆ ದುರ್ಲಭ.

ಇಂಗ್ಲೆಂಡ್‌ನಲ್ಲಿ ಡಿಟೆಕ್ಟರ್ ಹವ್ಯಾಸ ಚರಿತ್ರೆಗೆ ನೆರವಾಗಿದ್ದರೆ ಅದರ ಹಿಂದೆ ಒಂದು ವ್ಯವಸ್ಥೆ ಇದೆ. 1996ರ ನಿಧಿ ಕಾಯ್ದೆಯ ಪ್ರಕಾರ ನಿಧಿ ಸಿಕ್ಕವರು 14 ದಿನಗಳೊಳಗೆ ತಿಳಿಸಬೇಕು. ವಸ್ತುಸಂಗ್ರಹಾಲಯ ಅದನ್ನು ಕೊಂಡರೆ ಬಹುಮಾನದ ಹಣ ಸಾಮಾನ್ಯವಾಗಿ ಹುಡುಕಿದವನಿಗೂ ಜಮೀನಿನವನಿಗೂ ಹಂಚಿಕೆಯಾಗುತ್ತದೆ. ನಿಧಿಯ ವ್ಯಾಖ್ಯೆಗೆ ಬಾರದ ಗುಂಡಿ, ಬಕಲು, ಬಿಡಿನಾಣ್ಯಗಳನ್ನೂ ಸ್ವಇಚ್ಛೆಯಿಂದ ದಾಖಲಿಸಲು 1997ರಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಶುರುವಾಯಿತು. ಅದರ ಕಡತದಲ್ಲಿ ಈಗ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. 2009ರಲ್ಲಿ ಹೊಲವೊಂದರಲ್ಲಿ ಸಿಕ್ಕ ಸ್ಟ್ಯಾಫರ್ಡ್‌ಶೈರ್ ಸಂಚಯಕ್ಕೆ ಸುಮಾರು 33 ಲಕ್ಷ ಪೌಂಡ್ ಬೆಲೆ ಕಟ್ಟಿ ಹಾಗೆಯೇ ಹಂಚಲಾಯಿತು.

ಆದರೆ ಅಲ್ಲಿಯೂ ಸೋಲುಗಳಿವೆ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ಸಂಚಯ ಸಿಕ್ಕಿತು. ಅವರು ತಿಳಿಸದೆ ಗುಟ್ಟಾಗಿ ಮಾರಲು ಹೊರಟರು. 2019ರಲ್ಲಿ ಜೈಲು ಸೇರಿದರು. ಸುಮಾರು 300 ನಾಣ್ಯಗಳಿದ್ದವೆಂಬ ಅಂದಾಜಿನಲ್ಲಿ ಆಗ ಕೈಗೆ ಬಂದದ್ದು 30ರ ಆಸುಪಾಸು. ಬಿಗಿ ವ್ಯವಸ್ಥೆಯ ನಡುವೆಯೇ ಇಷ್ಟು ಸೋರಿಕೆಯಾದರೆ ಅಂಥ ವ್ಯವಸ್ಥೆಯೇ ಇಲ್ಲದ ಕಡೆ ಯಂತ್ರ ಏನು ಮಾಡೀತು?

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯೇ ಹೇಳಿತ್ತು. ಒಡೆಯರಾರೂ ಪತ್ತೆಯಾಗದಿದ್ದರೆ ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು ಪಾಲೆಂದೂ ಅದರಲ್ಲಿತ್ತು. 1962ರಲ್ಲಿ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು. ತಿಳಿಸಲೇಬೇಕೆಂಬ ತತ್ವ ಬದಲಾಗಲಿಲ್ಲ. ನೂರು ವರ್ಷ ದಾಟಿದ ಪುರಾವಸ್ತುಗಳ ಮಾರಾಟ, ಸಾಗಣೆಗೆ 1972ರ ಕಾಯ್ದೆಯ ಕಡಿವಾಣವಿದೆ. ಸಂರಕ್ಷಿತ ಸ್ಮಾರಕದ ನೆಲದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಇಷ್ಟಿದ್ದೂ ಹೊಲ ಉಳುವಾಗ ಕುಡಿಕೆ ಸಿಕ್ಕ ರೈತ ಬಾಯಿ ಬಿಡಲು ಅಂಜುತ್ತಾನೆ. ಪೊಲೀಸರು ಬರುತ್ತಾರೆ, ಜಮೀನು ಹೋಗುತ್ತದೆ, ಊರವರು ಇನ್ನೂ ಬಚ್ಚಿಟ್ಟಿದ್ದಾನೆ ಎನ್ನುತ್ತಾರೆ ಎಂಬ ಭಯ ಅವನಿಗೆ. ಇನ್ನೊಂದು ಕಡೆ ನಿಧಿಗಳ್ಳರು ಅಮಾವಾಸ್ಯೆ ನೋಡಿಕೊಂಡು ಪಾಳುಗುಡಿಯ ಗರ್ಭಗುಡಿ ಅಗೆಯುತ್ತಾರೆ, ನಂದಿಯನ್ನು ಉರುಳಿಸುತ್ತಾರೆ, ವೀರಗಲ್ಲು ಒಡೆಯುತ್ತಾರೆ. ನಿಧಿ ಸಿಕ್ಕಿದ್ದು ಅಪರೂಪ. ಕಲ್ಲು ಮುರಿದದ್ದಂತೂ ಖಚಿತ.

ಡಿಟೆಕ್ಟರ್ ಬೇಡವೆನ್ನಲು ಕಾನೂನಿಗಿಂತ ಗಟ್ಟಿಯಾದ ಕಾರಣ ನಮ್ಮ ಚರಿತ್ರೆಯ ಸ್ವರೂಪದಲ್ಲೇ ಇದೆ. ಕರ್ನಾಟಕದ ಹಳ್ಳಿಯ ಹಳಮೆ ಬಹುಪಾಲು ಉಳಿದಿರುವುದು ಕಲ್ಲು, ಮಡಕೆಚೂರು ಮತ್ತು ಮಣ್ಣಿನ ಏರಿಯಲ್ಲಿ. ಶಾಸನ, ವೀರಗಲ್ಲು, ಮಾಸ್ತಿಕಲ್ಲು, ತೂಬಿನ ಕಂಬ, ಬೂದಿದಿಬ್ಬ ಯಾವುದಕ್ಕೂ ಯಂತ್ರ ಕಿವಿಗೊಡುವುದಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನ ಸುಮಾರು ಕ್ರಿ.ಶ. 750ರದು. ಡಿಟೆಕ್ಟರ್ ಹಿಡಿದವನು ಅದರ ಮೇಲೇ ನಡೆದುಹೋಗಿದ್ದರೂ ಸದ್ದು ಬರುತ್ತಿರಲಿಲ್ಲ.

ಕಲ್ಲಿನತ್ತ ಕರೆದೊಯ್ಯಬಲ್ಲದ್ದು ನಕ್ಷೆ. ಸರ್ವೆ ಆಫ್ ಇಂಡಿಯಾದ ಟೋಪೊ ಶೀಟ್‌ನ ಸಂಕೇತಪಟ್ಟಿ ನೋಡಿ: ಜನವಸತಿಯ ಊರಿಗೆ ಒಂದು ಗುರುತು, ಹಾಳೂರಿಗೆ ಇನ್ನೊಂದು. ಕೋಟೆ, ಗುಡಿ, ಮಸೀದಿ, ಈದ್ಗಾ, ಗೋರಿಗಳಿಗೂ ಬೇರೆ ಬೇರೆ ಗುರುತುಗಳಿವೆ. ಕಂದಾಯ ದಾಖಲೆಯಲ್ಲಿ ‘ಬೇಚಿರಾಕ್’ (ಜನವಸತಿಯಿಲ್ಲದ್ದು) ಎಂದು ಬರೆದ ಗ್ರಾಮಗಳನ್ನು ಇದರ ಪಕ್ಕ ಇಟ್ಟುಕೊಳ್ಳಿ. ಶಾಸನತಜ್ಞ ಬಿ.ಎಲ್. ರೈಸ್ 1886ರಿಂದ ಹೊರತರತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ದ ತಾಲ್ಲೂಕುವಾರು ಶಾಸನಗಳನ್ನು ಮೂರನೆಯದಾಗಿ ಸೇರಿಸಿ. ರೈಸ್ ‘ಇಂಥ ಊರಿನ ಇಂಥ ಹೊಲದಲ್ಲಿ’ ಎಂದು ಬರೆದ ಕಲ್ಲು ಇಂದು ಯಾವ ಬಡಾವಣೆಯ ಯಾವ ಅಡ್ಡರಸ್ತೆಯಲ್ಲಿರಬೇಕು ಎಂಬುದು ಈ ಮೂರನ್ನೂ ಕೂಡಿಸಿದಾಗ ತಿಳಿಯುತ್ತದೆ. ಉಳಿದ ಕೆಲಸ ಕಾಲ್ನಡಿಗೆಯದು, ಊರ ಹಿರಿಯರನ್ನು ವಿಚಾರಿಸುವುದು.

ಹಳೆ ನಕ್ಷೆ ಹೇಳುವ ಕಥೆಗಳಲ್ಲಿ ನೀರಿನದು ದೊಡ್ಡದು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಾಗಿತ್ತು, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಾಗಿತ್ತು. ಕೋರಮಂಗಲದ ರಾಷ್ಟ್ರೀಯ ಕ್ರೀಡಾಗ್ರಾಮವೂ ಕೆರೆಯಂಗಳದಲ್ಲೇ ಎದ್ದಿದೆ. 2022ರ ಮಳೆಗೆ ಬೆಂಗಳೂರಿನ ಪೂರ್ವಭಾಗ ಮುಳುಗಿದಾಗ ರಾಜಕಾಲುವೆ ಎಲ್ಲಿ ಹರಿಯುತ್ತಿತ್ತೆಂದು ತಿಳಿಯಲು ಅಧಿಕಾರಿಗಳು ಬಿಚ್ಚಿದ್ದು ಹಳೆಯ ಗ್ರಾಮ ನಕ್ಷೆಯನ್ನೇ. ಮಲೆನಾಡಿನಲ್ಲಿ ಇದರ ಉಲ್ಟಾ. ಅಲ್ಲಿ ನೆಲವೇ ನೀರಾಯಿತು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ, 1948ರಲ್ಲಷ್ಟೇ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ನೀರಿನೊಳಗೆ ಹೋಯಿತು. ಅದರ ಸುತ್ತಲಿನ ಊರು, ಗದ್ದೆ, ಕಾಲುದಾರಿಗಳಿಗೆ ಇಂದು ಉಳಿದಿರುವ ವಿಳಾಸವೆಂದರೆ ಜಲಾಶಯಕ್ಕೂ ಮುಂಚಿನ ಶೀಟುಗಳು.

ನಕ್ಷೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಒಂದು ಇಂಚಿಗೆ ಒಂದು ಮೈಲಿಯ ಶೀಟಿನಲ್ಲಿ ಅರ್ಧ ಮಿಲಿಮೀಟರ್ ಗೆರೆಯೆಂದರೆ ನೆಲದ ಮೇಲೆ ಸುಮಾರು 32 ಮೀಟರ್. ಅಷ್ಟು ಜಾಗದಲ್ಲಿ ಒಂದು ಗುಡಿ ಕಳೆದುಹೋಗಬಹುದು. ಮೊಬೈಲಿನ ನಕ್ಷೆಯ ಲೆಕ್ಕವೂ ಹಳೆ ಶೀಟಿನ ಲೆಕ್ಕವೂ ಒಂದೇ ಅಲ್ಲ. ಕೆರೆ ಏರಿಯ ತುದಿ, ಬೆಟ್ಟದ ಮೇಲಿನ ಸರ್ವೆ ಕಲ್ಲುಗಳಂಥ ಕದಲದ ಬಿಂದುಗಳನ್ನು ಹಿಡಿದು ಹೊಂದಿಸಬೇಕು. ಅದಕ್ಕಿಂತ ಮುಖ್ಯವಾಗಿ, ಯಾರಿಗಾಗಿ ನಕ್ಷೆ ಬರೆದರು ಎಂದು ಕೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಲ್ಲೇ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆಗೆ ನೇಮಕಗೊಂಡ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದ. ಗೆದ್ದ ನಾಡಿನ ಕಂದಾಯ ಎಷ್ಟು, ದಂಡು ಯಾವ ದಾರಿಯಲ್ಲಿ ಸಾಗಬೇಕು ಎಂಬುದು ಈಸ್ಟ್ ಇಂಡಿಯಾ ಕಂಪನಿಯ ಕಾಳಜಿ. ಹಾಗಾಗಿ ಕೋಟೆ, ಹೆದ್ದಾರಿ, ಕೆರೆಗಳು ಹಾಳೆಗೆ ಬಂದಷ್ಟು ಸಲೀಸಾಗಿ ಕೇರಿ, ಹಾಡಿ, ತಾಂಡಾಗಳು ಬರಲಿಲ್ಲ. ಮೆಕೆಂಜಿ ಕಾವಲಿ ಸಹೋದರರ ನೆರವಿನಿಂದ ಊರೂರಿನ ಕೈಫಿಯತ್ತು (ಸ್ಥಳೀಯ ವೃತ್ತಾಂತ) ಬರೆಸಿಕೊಳ್ಳದೇ ಹೋಗಿದ್ದರೆ ಆ ಗೆರೆಗಳ ಹಿಂದಿನ ಮನುಷ್ಯರ ಮಾತು ಇನ್ನೂ ಕಡಿಮೆಯಾಗುತ್ತಿತ್ತು. ನಕ್ಷೆಯಲ್ಲಿ ಇಲ್ಲದ್ದು ನೆಲದ ಮೇಲೂ ಇರಲಿಲ್ಲವೆಂದು ತೀರ್ಮಾನಿಸುವವರು ಇದನ್ನು ಮರೆಯಬಾರದು.

ಇಂಥ ದಾಖಲೆ ಜನರ ಕೈಗೆ ಎಷ್ಟು ಸಿಗುತ್ತಿದೆ? ಇಂದಿನ 1:50,000 ಶೀಟುಗಳನ್ನು ಸರ್ವೆ ಆಫ್ ಇಂಡಿಯಾ ಆನ್‌ಲೈನ್‌ನಲ್ಲಿ ಕೊಡುತ್ತಿದೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಗಳಿವೆ. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ನಿರ್ಬಂಧವನ್ನೂ ಸಾಕಷ್ಟು ಸಡಿಲಿಸಿತು. ಆದರೆ ನೂರು ವರ್ಷ ಹಿಂದಿನ ಶೀಟುಗಳ ವಿಷಯದಲ್ಲಿ ಆ ಉದಾರತೆ ಕಾಣುವುದಿಲ್ಲ. ಅಮೆರಿಕದ ಸೇನೆ 1950ರ ದಶಕದಲ್ಲಿ ಮುದ್ರಿಸಿದ ನಮ್ಮ ನಾಡಿನ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಹಳೆ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿಯೇ ಉಚಿತವಾಗಿ ತೋರಿಸುತ್ತದೆ. ನಮ್ಮ ಇಲಾಖೆಗಳಿಗೆ ಇದು ಅಸಾಧ್ಯವಾದ ಕೆಲಸವಲ್ಲ.

ನಕ್ಷೆ ಬಿಚ್ಚಿಟ್ಟರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗದೇ ಎಂಬ ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕಳ್ಳರು ಇಷ್ಟು ದಿನ ನಂಬಿದ್ದು ಟೋಪೊ ಶೀಟನ್ನಲ್ಲ. ಊರ ಗಾಳಿಮಾತನ್ನು, ಜ್ಯೋತಿಷಿಯನ್ನು. ನಕ್ಷೆ ಮುಚ್ಚಿಟ್ಟಾಗಲೂ ಗುಡಿಗಳು ಬಿದ್ದಿವೆ. ತಮ್ಮ ಹೊಲದಂಚಿನ ಕಲ್ಲು ಎಂಟನೇ ಶತಮಾನದ್ದೆಂದು ಗೊತ್ತಿರುವ ಊರು ಅದನ್ನು ಕಾಯುವ ಸಂಭವ ಹೆಚ್ಚು. ಗೊತ್ತಿಲ್ಲದ ಊರಲ್ಲಿ ಅದು ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಹಳೆ ಶೀಟು ಎಲ್ಲರಿಗೂ ಸಿಗಲಿ. ಹೊಸದಾಗಿ ಪತ್ತೆಯಾದ, ಕಾವಲಿಲ್ಲದ ನೆಲೆಯ ನಿಖರ ಬಿಂದುವನ್ನು ಮಾತ್ರ ಸಂರಕ್ಷಣೆ ಆಗುವವರೆಗೆ ಇಲಾಖೆ ತನ್ನಲ್ಲೇ ಇಟ್ಟುಕೊಳ್ಳಲಿ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ರಾಜ್ಯ ಪತ್ರಾಗಾರ, ಭೂದಾಖಲೆ ಇಲಾಖೆ ಮತ್ತು ಸರ್ವೆ ಆಫ್ ಇಂಡಿಯಾ ಒಟ್ಟುಗೂಡಿ ಸ್ವಾತಂತ್ರ್ಯಪೂರ್ವ ಶೀಟುಗಳನ್ನು ಸ್ಕ್ಯಾನ್ ಮಾಡಿ, ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಿ ಪ್ರಕಟಿಸಬೇಕು. ಮೆಟಲ್ ಡಿಟೆಕ್ಟರ್‌ನಿಂದ ಪುರಾವಸ್ತು ಹುಡುಕುವುದು ಪುರಾತತ್ವ ಇಲಾಖೆ ಅನುಮತಿಸಿದ ಉತ್ಖನನಗಳಿಗೆ ಸೀಮಿತವೆಂದು ನಿಯಮದಲ್ಲಿ ಬಿಡಿಸಿ ಹೇಳಬೇಕು. ಉಳುವಾಗಲೋ ಪಾಯ ತೆಗೆಯುವಾಗಲೋ ಸಿಕ್ಕದ್ದನ್ನು ಗ್ರಾಮ ಪಂಚಾಯಿತಿಯಲ್ಲೇ ನೋಂದಾಯಿಸುವ ಅವಕಾಶ ಬೇಕು. ನೋಂದಾಯಿಸಿದವನಿಗೆ ಠಾಣೆಯ ಅಲೆದಾಟ ತಪ್ಪಬೇಕು, ಕಾನೂನು ಕೊಡುವ ಪಾಲು ಕೆಲವೇ ತಿಂಗಳುಗಳಲ್ಲಿ ಕೈಸೇರಬೇಕು. ಪ್ರಾಮಾಣಿಕನಿಗೆ ನಷ್ಟವಾಗುವ ಕಾಯ್ದೆಯನ್ನು ಯಾರೂ ಪಾಲಿಸುವುದಿಲ್ಲ. ನಿಧಿಗಳ್ಳರ ಬಲ ಇರುವುದು ಯಂತ್ರಕ್ಕಿಂತ ಹೆಚ್ಚಾಗಿ, ಸಿಕ್ಕದ್ದನ್ನು ಹೇಳಲು ಅಂಜುವ ಊರಿನ ಮೌನದಲ್ಲಿ.